ಮಲಬದ್ಧತೆಗೆ ಅಂತ ಹೋಗಿ ನಡಿಗೆ ವಾಪಸ್ ಬಂದ ಒಂದು ಕೇಸು

ಮೊದ್ಲೇ ಹೇಳ್ಬಿಡ್ತೀನಿ, ಮನೆಯವರನ್ನ ಕೇಳಿ, ಅವರು ಸರಿ ಬರೀರಿ ಅಂದ್ಮೇಲೆ ಬರೀತಿರೋದಿದು. ಹೆಸರಿಲ್ಲ, ಊರಿಲ್ಲ, ಆಸ್ಪತ್ರೆ ಇಲ್ಲ, ವಯಸ್ಸು ಮತ್ತೆ ಕೆಲಸದ ವಿವರ ಅಲ್ಲಲ್ಲಿ ಬದಲಾಯಿಸಿದೀನಿ. ಪೇಷಂಟನ್ನ ಮೇಷ್ಟ್ರು ಅಂತೀನಿ, ಡಾಕ್ಟರನ್ನ ಡಾಕ್ಟರಮ್ಮ ಅಂತೀನಿ, ಅಷ್ಟೇ. ನಾನು ಫಾರ್ಮಸಿಸ್ಟು, ಡಾಕ್ಟರಲ್ಲ. ಈ ಮನೆಯವರು ಬಹಳ ವರ್ಷದಿಂದ ಪರಿಚಯ, ಕೆಲವು ವಿಸಿಟ್‌ಗೆ ಜೊತೇಲಿ ಕೂತಿದ್ದೆ, ಉಳಿದಿದ್ದು ಮಗಳು ಹೇಳಿದ್ದು ಮತ್ತೆ ಅವರ ಫೈಲಲ್ಲಿರೋದು.

ಒಳ್ಳೆ ಡಾಕ್ಟರ್ ಬಗ್ಗೆ ಕೇಳಿದ್ರೆ ಎಲ್ರೂ ಹೇಳೋದು ಒಂದೇ, "ತುಂಬಾ ಚೆನ್ನಾಗಿ ಮಾತಾಡಿಸ್ತಾರೆ, ಅರ್ಧ ಕಾಯಿಲೆ ಅಲ್ಲೇ ಹೋಗತ್ತೆ". ಸರಿ, ಆದ್ರೆ ಉಳಿದ ಅರ್ಧ ಹೇಗೆ ಹೋಯ್ತು ಅಂತ ಯಾರೂ ಹೇಳಲ್ಲ. ಆ ಡಾಕ್ಟ್ರು ಏನು ಕೇಳಿದ್ರು, ಯಾವುದನ್ನ ಮೊದ್ಲು ಮಾಡಿದ್ರು, ಯಾವುದನ್ನ ಬೇಕಂತಲೇ ಮಾಡ್ದೆ ಬಿಟ್ರು, ನನಗೆ ಕುತೂಹಲ ಇರೋದು ಅಲ್ಲಿ. ಈ ಕೇಸಲ್ಲಿ ಅದನ್ನ ಹತ್ತಿರದಿಂದ ನೋಡೋಕೆ ಸಿಕ್ತು.

ಹಿನ್ನೆಲೆ

ಮೇಷ್ಟ್ರಿಗೆ ಎಪ್ಪತ್ತು ದಾಟಿತ್ತು, ರಿಟೈರಾಗಿ ಬಹಳ ವರ್ಷ. ಬಿಪಿ ಬಿಟ್ರೆ ಇನ್ನೇನೂ ಇರ್ಲಿಲ್ಲ, ಬೆಳಗ್ಗೆ ವಾಕಿಂಗು, ಪೇಪರು, ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳ್ಕೊಡೋದು, ಹೀಗೆ ಆರಾಮಾಗಿದ್ರು. ಬಿಪಿಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ ತಗೋತಿದ್ರು. ಒಂದ್ಸಲ ಚೆಕ್ ಮಾಡಿಸಿದಾಗ ಜಾಸ್ತಿ ಇದೆ ಅಂತ ಅದು 10 ಆಯ್ತು. ಅದಾಗಿ ಕೆಲವು ವಾರಕ್ಕೆ ಎರಡೂ ಕಾಲಿನ ಹರಡಿನ ಹತ್ರ ಊತ ಶುರುವಾಯ್ತು, ಸಾಕ್ಸ್ ತೆಗೆದ್ರೆ ಗೆರೆ ಹಾಗೇ ಉಳಿಯೋದು.

ಆಮ್ಲೋಡಿಪಿನ್‌ಗೆ ಇದು ತೀರಾ ಸಾಮಾನ್ಯವಾದ ಸೈಡ್ ಎಫೆಕ್ಟು. ಟ್ರಯಲ್‌ಗಳಲ್ಲಿ 5 ಮಿಲಿಗ್ರಾಂ ತಗೊಂಡ ನೂರು ಜನರಲ್ಲಿ ಸುಮಾರು 3 ಜನಕ್ಕೆ, 10 ತಗೊಂಡೋರಲ್ಲಿ ಸುಮಾರು 11 ಜನಕ್ಕೆ ಊತ ಬಂದಿತ್ತು. ಈ ಮಾತ್ರೆ ಸಣ್ಣ ಅಪಧಮನಿಗಳನ್ನ ಹಿಗ್ಗಿಸತ್ತೆ, ಅಭಿಧಮನಿಗಳನ್ನ ಅಷ್ಟಾಗಿ ಹಿಗ್ಗಿಸಲ್ಲ, ಹಾಗಾಗಿ ಮಧ್ಯದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗತ್ತೆ. ಅಂದ್ರೆ ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲ, ಅದಕ್ಕೇ ಮೂತ್ರ ಹೋಗೋ ಮಾತ್ರೆ ಕೊಟ್ರೆ ಇದು ಇಳಿಯೋದು ಕಮ್ಮಿ.

ಆದ್ರೆ ಊತ ಬಂದಾಗ ಮೇಷ್ಟ್ರು ಹೋಗಿದ್ದು ಬೇರೆ ಕಡೆ. ಅಲ್ಲಿ ಕಾಲು ನೋಡಿ ಫ್ಯುರೊಸೆಮೈಡ್ ಅನ್ನೋ ಮೂತ್ರ ಹೋಗೋ ಮಾತ್ರೆನೇ ಕೊಟ್ರು. ಊತ ಹಾಗೇ ಇತ್ತು, ರಾತ್ರಿ ಪದೇ ಪದೇ ಏಳೋದು ಶುರುವಾಯ್ತು, ಆಮೇಲೆ ಎದ್ದು ನಿಂತಾಗ ತಲೆ ಒಂಥರಾ ಆಗೋದು. ತಲೆಸುತ್ತು ಅಂತ ಮತ್ತೊಬ್ಬರ ಹತ್ರ ಹೋದ್ರು, ಅಲ್ಲಿ ಸಿನ್ನರಿಜಿನ್ ಬರೆದ್ರು, ದಿನಕ್ಕೆ ಮೂರು ಸಲ. ಸ್ವಲ್ಪ ದಿನಕ್ಕೆ ಅಂತ ಬರೆದಿದ್ದು, ಆದ್ರೆ ಖಾಲಿಯಾದ ಸ್ಟ್ರಿಪ್ ತೋರಿಸಿದ್ರೆ ಕೌಂಟರಲ್ಲಿ ಇನ್ನೊಂದು ಸಿಗತ್ತಲ್ಲ, ಹಾಗೇ ತಿಂಗಳುಗಟ್ಟಲೆ ನಡೀತು. ನಮ್ಮ ಕಸುಬಿನವರು ಇದನ್ನ ಓದ್ತಿದ್ರೆ ಈ ಸಾಲನ್ನ ಇನ್ನೊಂದ್ಸಲ ಓದಿ.

ನಾಲ್ಕೈದು ತಿಂಗಳಾದ್ಮೇಲೆ ಮೇಷ್ಟ್ರು ನಿಧಾನ ಆದ್ರು. ಹೆಜ್ಜೆ ಚಿಕ್ಕದಾಯ್ತು, ನಡೀವಾಗ ಕೈ ಬೀಸೋದು ನಿಂತೋಯ್ತು, ಮುಖದಲ್ಲಿ ನಗು ಕೋಪ ಏನೂ ಕಾಣ್ತಿರ್ಲಿಲ್ಲ, ದನಿ ಇಳೀತು. ಬೋರ್ಡ್ ಮೇಲೆ ಅಷ್ಟು ದೊಡ್ಡದಾಗಿ ದುಂಡಗೆ ಬರೀತಿದ್ದೋರ ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದಾಗಿ, ಬ್ಯಾಂಕಲ್ಲಿ ಸಹಿ ಹೊಂದ್ತಿಲ್ಲ ಅಂತ ಚೆಕ್ ವಾಪಸ್ ಬಂತು. ಈ ಸಲ ತೋರಿಸಿದ್ದು ನರರೋಗದ ಡಾಕ್ಟ್ರಿಗೆ. ಪಾರ್ಕಿನ್ಸನ್ಸ್ (ಮೈ ನಿಧಾನ, ಬಿಗಿತ, ನಡುಕ ತರೋ ನರರೋಗ) ಥರ ಕಾಣ್ತಿದೆ ಅಂತ ಅದಕ್ಕೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಶುರು ಮಾಡಿದ್ರು.

ಅಲ್ಲಿಂದ ಬಾಯಿ ಒಣಗೋದು, ಮಲಬದ್ಧತೆ, ಮೂತ್ರ ಕಟ್ಟಿದ ಹಾಗಾಗೋದು, ಸಂಜೆಯಾದ್ರೆ ಗಲಿಬಿಲಿ. ಮಗಳನ್ನ ತಂಗಿ ಹೆಸರಲ್ಲಿ ಕರೆಯೋರು, ಸ್ಕೂಲಿಗೆ ಟೈಮಾಯ್ತು ಅಂತ ಎದ್ದು ಹೊರಡೋರು. ಮನೆಯವರು ಮರೆವಿನ ಕಾಯಿಲೆ ಶುರುವಾಯ್ತು ಅಂತಲೇ ತೀರ್ಮಾನ ಮಾಡಿ ನೋಡ್ಕೊಳ್ಳೋಕೆ ಒಬ್ಬರನ್ನ ಹುಡುಕ್ತಿದ್ರು. ಯಾರೋ ನೆನಪಿನ ಮಾತ್ರೆ ಕೇಳಿ ನೋಡಿ ಅಂತಲೂ ಹೇಳಿದ್ರಂತೆ. ಸದ್ಯ ಅದು ಆಗ್ಲಿಲ್ಲ. ಯಾಕಂದ್ರೆ ಟ್ರೈಹೆಕ್ಸಿಫೆನಿಡಿಲ್ ಮೆದುಳಲ್ಲಿ ನೆನಪಿಗೆ ಬೇಕಾದ ಯಾವ ಅಸಿಟೈಲ್‌ಕೋಲಿನ್ನನ್ನ ತಡೆಯತ್ತೋ, ಮರೆವಿಗೆ ಕೊಡೋ ಡೊನೆಪೆಜಿಲ್ ಅದನ್ನೇ ಹೆಚ್ಚು ಮಾಡೋಕೆ ನೋಡತ್ತೆ, ಬ್ರೇಕು ಆಕ್ಸಿಲರೇಟರು ಎರಡನ್ನೂ ಒಟ್ಟಿಗೆ ತುಳಿದ ಹಾಗೆ.

ಇಲ್ಲಿ ಯಾರನ್ನೂ ಬೈಯೋಕೆ ನನಗೆ ಮನಸ್ಸಿಲ್ಲ. ಒಂದೊಂದೇ ಚೀಟಿ ತೆಗೆದು ನೋಡಿದ್ರೆ ಒಂದೊಂದೂ ಸರಿಯಾಗೇ ಕಾಣತ್ತೆ. ಊತಕ್ಕೆ ಊತದ್ದು, ತಲೆಸುತ್ತಿಗೆ ತಲೆಸುತ್ತಿಂದು. ಒಂದು ಔಷಧಿಯ ಸೈಡ್ ಎಫೆಕ್ಟನ್ನ ಹೊಸ ಕಾಯಿಲೆ ಅಂದ್ಕೊಂಡು ಅದಕ್ಕೆ ಇನ್ನೊಂದು ಔಷಧಿ ಕೊಡೋ ಈ ಸರಪಳಿ ಬಗ್ಗೆ ರೋಶನ್ ಮತ್ತು ಗುರ್ವಿಟ್ಜ್ ಅನ್ನೋ ಇಬ್ಬರು ಡಾಕ್ಟ್ರು 1997ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಬರೆದಿದ್ರು. ಗೊತ್ತಿಲ್ದೇ ಇರೋ ವಿಷಯ ಅಲ್ಲ. ಎಲ್ಲಾ ಚೀಟಿಗಳನ್ನ ಒಟ್ಟಿಗೆ ಇಟ್ಟು ನೋಡೋ ಮನುಷ್ಯ ಬೇಕಿತ್ತು.

ಡಾಕ್ಟರಮ್ಮನ ಹತ್ರ ಹೋಗಿದ್ದು

ಹೋಗಿದ್ದು ಮಲಬದ್ಧತೆಗೆ. ಹತ್ರ ಅಂತ ಹೋಗಿದ್ದು, ಬೇರೆ ಕಾರಣ ಇಲ್ಲ. ಮಗಳು ಕೂತ ತಕ್ಷಣ ಶುರು ಮಾಡಿದ್ಲು, ಅಪ್ಪಂಗೆ ಪಾರ್ಕಿನ್ಸನ್ಸ್, ಮರೆವು ಬೇರೆ, ಈಗ ನಾಲ್ಕು ದಿನದಿಂದ ಹೊಟ್ಟೆ ಹೋಗಿಲ್ಲ. ಡಾಕ್ಟರಮ್ಮ ಪೂರ್ತಿ ಕೇಳಿಸ್ಕೊಂಡ್ರು, ಆಮೇಲೆ ಕುರ್ಚಿ ಸ್ವಲ್ಪ ತಿರುಗಿಸಿ ಮೇಷ್ಟ್ರ ಕಡೆ ನೋಡಿ, "ಸರ್, ಈಗ ನೀವು ಹೇಳಿ, ನಿಮಗೆ ಏನು ಕಷ್ಟ ಆಗ್ತಿದೆ?" ಅಂದ್ರು. ಮೇಷ್ಟ್ರು ಸುಮ್ನಿದ್ರು. ಮಗಳು ಬಾಯಿ ಹಾಕೋಕೆ ಹೋದ್ಲು, ಡಾಕ್ಟರಮ್ಮ ಕೈ ಸನ್ನೆ ಮಾಡಿ, "ಒಂದ್ನಿಮಿಷ ಇರಮ್ಮ, ಅವರು ಹೇಳ್ತಾರೆ".

ಪೇಷಂಟ್ ಮಾತು ಶುರು ಮಾಡಿದ್ಮೇಲೆ ಡಾಕ್ಟ್ರು ಎಷ್ಟೊತ್ತಿಗೆ ಮಧ್ಯೆ ಬಾಯಿ ಹಾಕ್ತಾರೆ ಅಂತ ಅಮೆರಿಕದಲ್ಲಿ 1984ರಲ್ಲಿ ಅಳೆದು ನೋಡಿದ್ರು, ಸರಾಸರಿ 18 ಸೆಕೆಂಡು. ತಡೀದೇ ಬಿಟ್ರೆ ಎಷ್ಟೊತ್ತು ಮಾತಾಡ್ತಾರೆ ಅಂತ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ನೋಡಿದ್ರು, 335 ಪೇಷಂಟ್‌ಗಳ ಆ ಸ್ಟಡಿ 2002ರಲ್ಲಿ ಬಂತು, ಸರಾಸರಿ 92 ಸೆಕೆಂಡಿಗೆ ಜನ ತಾವಾಗೇ ನಿಲ್ಲಿಸಿದ್ರು. ಮೇಷ್ಟ್ರಿಗೆ ಅದಕ್ಕಿಂತ ಜಾಸ್ತಿನೇ ಬೇಕಾಯ್ತು, ದನಿ ಬೇರೆ ಇಳಿದಿತ್ತಲ್ಲ. ಹೊಟ್ಟೆ ವಿಷಯ ಹೇಳಿದ್ರು, ರಾತ್ರಿ ನಿದ್ದೆ ವಿಷಯ ಹೇಳಿದ್ರು, ಕೊನೇಲಿ, ಕೇಳ್ದೇನೇ, "ಎದ್ದು ನಿಂತ್ರೆ ಕಣ್ಣಿಗೆ ಕತ್ತಲೆ ಬರತ್ತೆ. ಕೂತ್ರೆ ಹೋಗತ್ತೆ" ಅಂದ್ರು.

ಈ ಕೇಸ್ ತಿರುಗಿದ್ದು ಇಲ್ಲಿ. ಕಿವಿ ಒಳಗಿನ ತೊಂದ್ರೆಯಿಂದ ಬರೋ ತಲೆಸುತ್ತಲ್ಲಿ ಸುತ್ತಲಿನದು ತಿರುಗಿದ ಹಾಗಾಗತ್ತೆ, ಮಲಗಿ ಮಗ್ಗುಲು ಬದಲಾಯಿಸಿದ್ರೂ ಬರಬಹುದು. ಇವರಿಗೆ ಬರೀ ಎದ್ದಾಗ ಮಾತ್ರ. ಡಾಕ್ಟರಮ್ಮ ಮಲಗಿಸಿ ಬಿಪಿ ನೋಡಿದ್ರು, 138/80. ಎದ್ದು ನಿಲ್ಲಿಸಿ ಮತ್ತೆ ನೋಡಿದ್ರು, 106/64. ನಿಂತ 3 ನಿಮಿಷದೊಳಗೆ ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಅದು ಎದ್ದಾಗ ಬಿಪಿ ಬೀಳೋ ತೊಂದ್ರೆ ಅಂತ ಲೆಕ್ಕ. ಇಷ್ಟು ತಿಂಗಳಲ್ಲಿ ಬಿಪಿ ಎಷ್ಟೋ ಸಲ ನೋಡಿದಾರೆ, ಎಲ್ಲಾ ಕೂರಿಸಿ ನೋಡಿದ್ದೇ. ಅಂದ್ರೆ ಸಿನ್ನರಿಜಿನ್ ಯಾವ ತಲೆಸುತ್ತಿಗೆ ಅಂತ ಬಂತೋ ಆ ತಲೆಸುತ್ತು ಇವರಿಗೆ ಇರ್ಲೇ ಇಲ್ಲ. ಫ್ಯುರೊಸೆಮೈಡ್ ಮೈಯಿಂದ ನೀರು ತೆಗೆಯೋದ್ರಿಂದ ಹೀಗೆ ಎದ್ದಾಗ ಬಿಪಿ ಬೀಳಬಹುದು.

ಅಷ್ಟು ಗೊತ್ತಾದ್ಮೇಲೂ ಅವತ್ತು ಡಾಕ್ಟರಮ್ಮ ದೊಡ್ಡದೇನೂ ಹೇಳ್ಲಿಲ್ಲ. ಹೊಟ್ಟೆಗೆ ಬೇಕಾದ್ದು ಕೊಟ್ರು, ಹೊರಗೆ ಜನ ಕಾಯ್ತಿದಾರೆ, ಇದನ್ನ ಅವಸರದಲ್ಲಿ ನೋಡೋದಲ್ಲ, ನಾಳೆ ಕೊನೇ ಪೇಷಂಟಾಗಿ ಬನ್ನಿ, ಮನೇಲಿರೋ ಎಲ್ಲಾ ಮಾತ್ರೆ, ಎಲ್ಲಾ ಹಳೇ ಚೀಟಿ, ಬಿಲ್ಲು, ಏನಿದ್ರೂ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ ಅಂದ್ರು. ನನಗೆ ಇದು ಬಹಳ ಹಿಡಿಸ್ತು. ಟೈಮಿಲ್ಲ ಅನ್ನೋದು ಡಾಕ್ಟರ್‌ಗಳ ನಿಜವಾದ ಕಷ್ಟ, ಇವರು ಅದಕ್ಕೆ ಕೆಲಸವನ್ನ ಎರಡು ಭಾಗ ಮಾಡ್ಕೊಂಡ್ರು.

ಚೀಲ ಬಿಚ್ಚಿದ ದಿನ

ಮಾರನೇ ದಿನ ನಾನೂ ಹೋಗಿದ್ದೆ. ಚೀಲದಲ್ಲಿ ಇದ್ದಿದ್ದನ್ನೆಲ್ಲ ಟೇಬಲ್ ಮೇಲೆ ಸುರಿದ್ರು. ಡಾಕ್ಟರಮ್ಮ ಒಂದು ಬಿಳಿ ಹಾಳೆ ತಗೊಂಡು ಮಧ್ಯೆ ಗೆರೆ ಎಳೆದು ಒಂದ್ಕಡೆ ಮಾತ್ರೆ ಶುರುವಾದ ತಾರೀಕು, ಇನ್ನೊಂದ್ಕಡೆ ತೊಂದ್ರೆ ಶುರುವಾದ ತಾರೀಕು ಬರೀತಾ ಹೋದ್ರು. ಚೀಟಿ ಇಲ್ದೇ ಇರೋ ಕಡೆ ಬಿಲ್ಲು ನೋಡಿದ್ರು. ತೊಂದ್ರೆ ಯಾವಾಗ ಶುರುವಾಯ್ತು ಅಂತ ಮನೆಯವರಿಗೆ ನೆನಪಿಲ್ಲ, ಆಗ "ಚೆಕ್ ವಾಪಸ್ ಬಂದಿದ್ದು ಯಾವತ್ತು?" ಅಂತ ಕೇಳಿದ್ರು. ಬ್ಯಾಂಕಿನ ಮೆಸೇಜಲ್ಲಿ ತಾರೀಕಿತ್ತು. ಒಂದೊಂದು ಮಾತ್ರೆ ಹಿಂದೆಯೂ ಒಂದೊಂದು ತೊಂದ್ರೆ ಸಾಲಾಗಿ ಬಂದು ನಿಂತ್ಕೊಳ್ತು. ಮಗಳು ಆ ಹಾಳೆ ನೋಡಿ ಅತ್ತುಬಿಟ್ಲು, ಡಾಕ್ಟರಮ್ಮ ಸಮಾಧಾನ ಮಾಡೋ ಮೊದ್ಲು ಹೇಳಿದ್ದು, "ಇದು ನನ್ನ ಅನುಮಾನ ಅಷ್ಟೇ, ಇನ್ನೂ ಖಾತ್ರಿಯಾಗಿಲ್ಲ".

ಸಿನ್ನರಿಜಿನ್ ಮೆದುಳಲ್ಲಿ ಡೋಪಮಿನ್ (ಕೈಕಾಲು ಸರಾಗವಾಗಿ ಆಡೋಕೆ ಬೇಕಾದ ರಾಸಾಯನಿಕ) ಕೆಲಸ ಮಾಡೋ ಜಾಗಾನೂ ತಡೆಯತ್ತೆ, ವಯಸ್ಸಾದೋರು ತಿಂಗಳುಗಟ್ಟಲೆ ತಗೊಂಡ್ರೆ ಪಾರ್ಕಿನ್ಸನ್ಸ್ ಥರದ್ದೇ ಲಕ್ಷಣ ಬರಬಹುದು. ಔಷಧಿಯಿಂದ ಬಂದಿದ್ರೆ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಥರ ಇರತ್ತೆ, ನಿಜವಾದ ಪಾರ್ಕಿನ್ಸನ್ಸ್ ಹೆಚ್ಚಾಗಿ ಒಂದು ಕಡೆಯಿಂದ ಶುರುವಾಗತ್ತೆ. ಮೇಷ್ಟ್ರ ಎರಡೂ ಮೊಣಕೈ ಮಡಚಿ ಬಿಡಿಸಿ ನೋಡಿದ್ರು, ಬಿಗಿತ ಎರಡ್ರಲ್ಲೂ ಹೆಚ್ಚುಕಮ್ಮಿ ಸಮ. ಇದೊಂದೇ ಸಾಕಾಗಲ್ಲ ಅಂತಲೂ ಹೇಳಿದ್ರು.

ಆಮೇಲೆ ನಮ್ಮೆದುರಿಗೇ ಆ ನರರೋಗದ ಡಾಕ್ಟ್ರಿಗೆ ಫೋನ್ ಮಾಡಿದ್ರು. "ನೀವು ನೋಡಿದ ಪೇಷಂಟು, ನನಗೊಂದು ಡೌಟಿದೆ" ಅಂತ ಶುರು ಮಾಡಿದ್ರು, ನೀವು ತಪ್ಪು ಮಾಡಿದೀರ ಅನ್ನೋ ದನಿ ಎಲ್ಲೂ ಇರ್ಲಿಲ್ಲ. ಆ ಕಡೆಯವರಿಗೆ ಸಿನ್ನರಿಜಿನ್ ವಿಷಯ ಗೊತ್ತೇ ಇರ್ಲಿಲ್ಲ. ಯಾವ ಮಾತ್ರೆ ತಗೋತೀರ ಅಂತ ಅವರು ಕೇಳಿದ್ರಂತೆ, ಮನೆಯವರು ಬಿಪಿದು ಅಂತ ಹೇಳಿದ್ರಂತೆ. ತಲೆಸುತ್ತಿನ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿನೇ ಅಲ್ಲ, ಗ್ಯಾಸಿನ ಮಾತ್ರೆ ಥರ ಸುಮ್ನೆ ತಗೊಳ್ಳೋದು. ಚೀಲ ತರಿಸೋದಕ್ಕೂ ಬಾಯಲ್ಲಿ ಕೇಳೋದಕ್ಕೂ ಇರೋ ವ್ಯತ್ಯಾಸ ಇದೇ. ಇಬ್ಬರೂ ಮಾತಾಡಿ ಒಪ್ಕೊಂಡು ಮುಂದಿನ ಪ್ಲಾನ್ ಮಾಡಿದ್ರು.

ಏನು ಮಾಡಿದ್ರು, ಯಾವ ಕ್ರಮದಲ್ಲಿ

ಮಗಳಿಗೆ ಎಲ್ಲಾ ಮಾತ್ರೆ ಅವತ್ತೇ ಕಸದ ಬುಟ್ಟಿಗೆ ಹಾಕೋ ಅಷ್ಟು ಕೋಪ. ಡಾಕ್ಟರಮ್ಮ ಒಪ್ಲಿಲ್ಲ. ಎಲ್ಲಾ ಒಟ್ಟಿಗೆ ತೆಗೆದ್ರೆ ಏನಾದ್ರೂ ಹೆಚ್ಚುಕಮ್ಮಿ ಆದಾಗ ಯಾವುದ್ರಿಂದ ಅಂತ ಗೊತ್ತಾಗಲ್ಲ, ಅದೂ ಅಲ್ದೆ ಟ್ರೈಹೆಕ್ಸಿಫೆನಿಡಿಲ್ ದಿಢೀರಂತ ನಿಲ್ಲಿಸಿದ್ರೆ ಬಿಗಿತ ಜಾಸ್ತಿಯಾಗಬಹುದು. ಹಾಗಾಗಿ ಸಿನ್ನರಿಜಿನ್ ಅವತ್ತೇ ನಿಲ್ಲಿಸಿದ್ರು. ಟ್ರೈಹೆಕ್ಸಿಫೆನಿಡಿಲ್ ವಾರಗಳ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಇಳಿಸೋದು. ಫ್ಯುರೊಸೆಮೈಡ್ ಮುಟ್ಟೋ ಮೊದ್ಲು ಹೃದಯದ ಎಕೋ, ಕಿಡ್ನಿ ಟೆಸ್ಟು, ಆಲ್ಬುಮಿನ್, ಮೂತ್ರದಲ್ಲಿ ಪ್ರೋಟೀನು ನೋಡಿಸಿದ್ರು, ಯಾಕಂದ್ರೆ ಊತ ನಿಜವಾಗ್ಲೂ ಹೃದಯದಿಂದ ಬಂದಿದ್ರೆ ಆ ಮಾತ್ರೆ ತೆಗೆಯೋದು ಅಪಾಯ. ಎಲ್ಲಾ ಸರಿಯಾಗಿ ಬಂದ್ಮೇಲೆ ಅದನ್ನ ನಿಲ್ಲಿಸಿದ್ರು. ಕೊನೇಲಿ ಆಮ್ಲೋಡಿಪಿನ್ 10ರಿಂದ 5ಕ್ಕೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟನ್ ಸೇರಿಸೋದು, ಅದು ಬಿಪಿನೂ ನೋಡ್ಕೊಳತ್ತೆ, ಆಮ್ಲೋಡಿಪಿನ್ ಊತವನ್ನೂ ಕಮ್ಮಿ ಮಾಡತ್ತೆ. ಅಲ್ಲೀವರೆಗೂ ಏಳೋ ಮೊದ್ಲು ಮಂಚದ ಅಂಚಲ್ಲಿ ಎರಡು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಬೇಕು.

ಇನ್ನೊಂದು ಮಾತು ಆವತ್ತೇ ಹೇಳಿದ್ರು, ನಡಿಗೆ ಸರಿಯಾಗೋಕೆ ತಿಂಗಳುಗಳೇ ಬೇಕು, ಮೊದಲ ಕೆಲವು ವಾರ ಏನೂ ಬದಲಾವಣೆ ಕಾಣದೇ ಇರಬಹುದು, ಆಗ ಹೆದರಿಕೊಳ್ಬೇಡಿ, ನನಗೆ ಫೋನ್ ಮಾಡಿ.

ಮಧ್ಯೆ ಕೆಟ್ಟಿದ್ದು

ಹೇಳಿದ ಹಾಗೇ ಆಯ್ತು, ಮೂರು ವಾರವಾದ್ರೂ ನಡಿಗೇಲಿ ಏನೂ ವ್ಯತ್ಯಾಸ ಇಲ್ಲ. ಬಂದ ನೆಂಟರೆಲ್ಲ ದೊಡ್ಡ ಡಾಕ್ಟ್ರು ಕೊಟ್ಟ ಮಾತ್ರೆ ಯಾಕೆ ಬಿಡಿಸಿದ್ರಿ ಅಂತ ಶುರು ಮಾಡಿದ್ರು. ಫ್ಯುರೊಸೆಮೈಡ್ ಬಿಟ್ಮೇಲೆ ಒಂದೆರಡು ದಿನ ಬಿಪಿ 160 ದಾಟ್ತು. ಒಂದಿನ ಬೆಳಗ್ಗೆ ಬಚ್ಚಲಿಗೆ ಹೋಗ್ವಾಗ ಮೇಷ್ಟ್ರು ತೂರಾಡಿ ಗೋಡೆ ಹಿಡ್ಕೊಂಡ್ರಂತೆ.

ಮುಂದಿನ ವಿಸಿಟಲ್ಲಿ ಡಾಕ್ಟರಮ್ಮ ಉಳಿದ ಸ್ಟ್ರಿಪ್‌ಗಳನ್ನೂ ತರೋಕೆ ಹೇಳಿದ್ರು. ಸಿನ್ನರಿಜಿನ್ ಸ್ಟ್ರಿಪ್ಪಲ್ಲಿ ಹೋದ್ಸಲಕ್ಕಿಂತ ಮಾತ್ರೆ ಕಮ್ಮಿ ಇತ್ತು. ಮಗಳು ನಾನಂತೂ ಕೊಟ್ಟಿಲ್ಲ ಅಂದ್ಲು. ಮೇಷ್ಟ್ರ ಹೆಂಡತಿ ತಲೆ ತಗ್ಗಿಸಿ ಕೂತಿದ್ರು. ಈ ಜಾಗದಲ್ಲಿ ನಾನು ನೋಡಿರೋ ಹೆಚ್ಚಿನ ಡಾಕ್ಟ್ರು ರೇಗ್ತಾರೆ, ಹೇಳಿದ್ದು ಕೇಳಲ್ಲ ಅಂದ್ರೆ ಬೇರೆ ಕಡೆ ಹೋಗಿ ಅಂತಾರೆ. ಇವರು, "ಅಮ್ಮಾ, ಯಾವಾಗ ಕೊಟ್ರಿ? ಅವತ್ತು ಅವರು ಹೇಗಿದ್ರು?" ಅಂತ ಅಷ್ಟೇ ಕೇಳಿದ್ರು. "ಗೋಡೆ ಹಿಡ್ಕೊಂಡು ನಿಂತಿದ್ರು, ನೋಡೋಕಾಗ್ಲಿಲ್ಲ, ಅದಕ್ಕೇ ಕೊಟ್ಟೆ. ಮೂರ್ನಾಲ್ಕು ದಿನ" ಅಂದ್ರು ಆಯಮ್ಮ. ಡಾಕ್ಟರಮ್ಮನಿಗೆ ಆಗ ಹೊಳೀತು, ಇಷ್ಟು ದಿನ ಪ್ಲಾನೆಲ್ಲ ಮಗಳ ಜೊತೇನೇ ಮಾತಾಡಿದ್ದು, ಆದ್ರೆ ದಿನಾ ಮಾತ್ರೆ ಕೈಗೆ ಕೊಡೋರು ಹೆಂಡತಿ. ಅವರಿಗೆ ಯಾರೂ ಬಿಡಿಸಿ ಹೇಳೇ ಇರ್ಲಿಲ್ಲ.

ಅಲ್ಲಿಂದ ಎಲ್ಲಾ ಮಾತೂ ಅವರ ಜೊತೆ. ಒಂದು ನೋಟ್‌ಬುಕ್ ಕೊಟ್ಟು ಬೆಳಗ್ಗೆ ಸಂಜೆ ಮಲಗಿದಾಗ ಒಂದು, ನಿಂತಾಗ ಒಂದು ಬಿಪಿ ಬರೀರಿ, ಕಣ್ಣಿಗೆ ಕತ್ತಲೆ ಬಂದ್ರೆ ಕೂರಿಸಿ ನೀರು ಕೊಡಿ, ಮಾತ್ರೆ ಕೊಡ್ಬೇಕು ಅನ್ನಿಸಿದ್ರೆ ಮೊದ್ಲು ನನಗೆ ಫೋನ್ ಮಾಡಿ ಅಂದ್ರು. ಸಿನ್ನರಿಜಿನ್ ಸ್ಟ್ರಿಪ್ಪನ್ನ ಕೇಳಿ ಅಲ್ಲೇ ಇಟ್ಕೊಂಡ್ರು. ಆ ನೋಟ್‌ಬುಕ್ ನಾನು ನೋಡಿದೀನಿ, ಒಂದು ಹೊತ್ತೂ ತಪ್ಪಿಲ್ಲ.

ಏನಾಯ್ತು

ಮೊದ್ಲು ಸರಿಹೋಗಿದ್ದು ತಲೆ. ಟ್ರೈಹೆಕ್ಸಿಫೆನಿಡಿಲ್ ಪೂರ್ತಿ ಬಿಟ್ಟು ಕೆಲವು ವಾರಕ್ಕೆ ಸಂಜೆ ಗಲಿಬಿಲಿ ನಿಂತೋಯ್ತು, ಮಲಬದ್ಧತೆನೂ ಹೋಯ್ತು, ಮರೆವಿನ ಕಾಯಿಲೆ ಅನ್ನೋ ಮಾತು ಮನೇಲಿ ತಾನಾಗೇ ಬಿದ್ದೋಯ್ತು. ಆಮ್ಲೋಡಿಪಿನ್ ಇಳಿಸಿದ್ಮೇಲೆ ಊತ ಇಳೀತು. ನಡಿಗೆ ಮಾತ್ರ ಸತಾಯಿಸ್ತು, ಮೂರ್ನಾಲ್ಕು ತಿಂಗಳಾದ್ಮೇಲೆ ಹೆಜ್ಜೆ ಉದ್ದವಾಗಿದ್ದು ಕಾಣ್ತು, ಆರು ತಿಂಗಳ ಹೊತ್ತಿಗೆ ಒಬ್ಬರೇ ವಾಕಿಂಗ್ ಹೋಗೋ ಹಾಗಾದ್ರು. ಸಹಿ ಬ್ಯಾಂಕಿನವರು ಒಪ್ಪೋ ಅಷ್ಟು ದೊಡ್ಡದಾಯ್ತು.

ಪೂರ್ತಿ ಸರಿಯಾಗಿಲ್ಲ. ಬಲಗೈಯಲ್ಲಿ ಸಣ್ಣ ನಡುಕ ಉಳ್ಕೊಂಡಿದೆ, ಕೈ ಸುಮ್ನೆ ತೊಡೆ ಮೇಲಿಟ್ಟಾಗ ಕಾಣತ್ತೆ. ಒಳಗೆ ಮೊದ್ಲೇ ಮೆಲ್ಲಗೆ ಶುರುವಾಗಿದ್ದ ಪಾರ್ಕಿನ್ಸನ್ಸನ್ನ ಇಂಥ ಔಷಧಿಗಳು ಬೇಗ ಹೊರಗೆ ತೋರಿಸಿಬಿಡೋದೂ ಉಂಟು. ಡಾಕ್ಟರಮ್ಮ ಇದನ್ನ ಮುಚ್ಚಿಡ್ಲಿಲ್ಲ, "ಸರ್, ಇದು ಔಷಧಿ ಬಿಟ್ಟುಹೋದ ಗುರುತೋ, ಕಾಯಿಲೆಯ ಶುರುವೋ ಇವತ್ತು ಹೇಳೋಕಾಗಲ್ಲ" ಅಂದ್ರು. ಡೋಪಮಿನ್ ನರಗಳನ್ನ ತೋರಿಸೋ ಒಂದು ಸ್ಕ್ಯಾನ್ ಇದೆ, ಬರೀ ಔಷಧಿಯಿಂದ ಬಂದಿದ್ರೆ ಸಾಮಾನ್ಯವಾಗಿ ಅದು ನಾರ್ಮಲ್ ಇರತ್ತೆ, ಬೇಕಾದ್ರೆ ಮಾಡಿಸಬಹುದು, ಆದ್ರೆ ರಿಪೋರ್ಟ್ ಏನೇ ಬಂದ್ರೂ ಸದ್ಯಕ್ಕೆ ನಾವು ಮಾಡೋದು ಬದಲಾಗಲ್ಲ ಅಂತಲೂ ವಿವರಿಸಿದ್ರು. ಮೇಷ್ಟ್ರು ಬೇಡ ಅಂದ್ರು. ಮಗಳಿಗೆ ಮಾಡಿಸ್ಬೇಕು ಅಂತಿತ್ತು. ಡಾಕ್ಟರಮ್ಮ ಮೇಷ್ಟ್ರ ಮಾತನ್ನೇ ಬರ್ಕೊಂಡ್ರು.

ಇದ್ರಿಂದ ತಗೊಳ್ಳೋದು ಏನು

ಡಾಕ್ಟರ್‌ಗಳು ಓದ್ತಿದ್ರೆ, ಈ ಕೇಸಲ್ಲಿ ದುಬಾರಿ ಟೆಸ್ಟ್ ಯಾವುದೂ ಬಾಗಿಲು ತೆಗೀಲಿಲ್ಲ. ಎದ್ದು ನಿಲ್ಲಿಸಿ ನೋಡಿದ ಬಿಪಿ, ತಾರೀಕುಗಳ ಹಾಳೆ, ಒಂದು ಫೋನು. ಹೊಸ ತೊಂದ್ರೆ ಅಂತ ಯಾರಾದ್ರೂ ಬಂದಾಗ ಇದಕ್ಕೆ ಮುಂಚೆ ಯಾವ ಮಾತ್ರೆ ಹೊಸದಾಗಿ ಶುರುವಾಯ್ತು, ಯಾವುದ್ರ ಡೋಸ್ ಏರ್ತು ಅಂತ ಕೇಳೋದು ಒಂದು ನಿಮಿಷದ ಕೆಲಸ. ಮತ್ತೆ ಮಾತ್ರೆ ನಿಲ್ಲಿಸೋದೂ ಚಿಕಿತ್ಸೆನೇ, ಕೊಡೋದಕ್ಕಿಂತ ಜಾಸ್ತಿ ಫಾಲೋಅಪ್ ಅದಕ್ಕೆ ಬೇಕು, ಅದೂ ಮನೇಲಿ ಮಾತ್ರೆ ಯಾರ ಕೈಯಲ್ಲಿದೆಯೋ ಅವರ ಜೊತೆ.

ಮನೆಯವರಿಗೆ: ಇದನ್ನ ಓದಿ ಯಾರ್ದೂ ಮಾತ್ರೆ ನೀವೇ ನಿಲ್ಲಿಸ್ಬೇಡಿ. ಆಮ್ಲೋಡಿಪಿನ್ ಕೋಟ್ಯಂತರ ಜನಕ್ಕೆ ಒಳ್ಳೇದು ಮಾಡ್ತಿರೋ ಔಷಧಿ, ಮೇಷ್ಟ್ರು ಈಗ್ಲೂ 5 ಮಿಲಿಗ್ರಾಂ ತಗೋತಾರೆ. ಮಾಡ್ಬೇಕಿರೋದು ಚೀಲ ತಗೊಂಡು ಹೋಗೋದು, ಅದರಲ್ಲಿ ಗ್ಯಾಸಿಂದು, ತಲೆಸುತ್ತಿಂದು, ನಿದ್ದೇದು, ಪುಡಿ, ಸಿರಪ್ಪು ಎಲ್ಲಾ ಇರ್ಲಿ, ಶುರುವಾದ ತಾರೀಕು ಸ್ಟ್ರಿಪ್ ಮೇಲೇ ಬರೆದಿದ್ರೆ ಇನ್ನೂ ಒಳ್ಳೇದು.

ಇದರ ಇನ್ನೊಂದು ಮುಖವನ್ನೂ ಹೇಳ್ಬೇಕು. ಡಾಕ್ಟರಮ್ಮನ ಕ್ಲಿನಿಕ್ಕಲ್ಲಿ ಕಾಯೋದು ಯಾವಾಗ್ಲೂ ಜಾಸ್ತಿ, ಜ್ವರದ ಮಗು ಎತ್ಕೊಂಡು ಬಂದ ತಾಯಿ ಗೊಣಗಿದ್ದನ್ನ ನಾನೇ ಕೇಳಿದೀನಿ, ಅವರ ಗೊಣಗಾಟದಲ್ಲೂ ನ್ಯಾಯ ಇದೆ. ಒಬ್ಬರಿಗೆ ಕೊಟ್ಟ ಅರ್ಧ ಗಂಟೆ ಹೊರಗೆ ಕೂತ ಹತ್ತು ಜನರಿಂದ ತಗೊಂಡಿದ್ದೇ. ಕೊನೇ ಪೇಷಂಟಾಗಿ ಬನ್ನಿ ಅನ್ನೋ ಉಪಾಯ ಅದಕ್ಕೆ ಸ್ವಲ್ಪ ಮಟ್ಟಿಗೆ ಪರಿಹಾರ, ಆದ್ರೆ ಅದರ ಬೆಲೆ ಅವರು ತಮ್ಮ ಸಂಜೆಯಿಂದ ಕೊಡ್ತಿದಾರೆ, ಎಲ್ಲಾ ಡಾಕ್ಟ್ರೂ ಹೀಗೇ ಇರ್ಬೇಕು ಅನ್ನೋದು ನ್ಯಾಯವಾದ ಬೇಡಿಕೆ ಅಲ್ಲ. ಚೀಲ ನೋಡಿ ತಾರೀಕಿನ ಹಾಳೆ ಮಾಡೋ ಕೆಲಸವನ್ನ ನರ್ಸೋ ನಮ್ಮಂಥ ಫಾರ್ಮಸಿಸ್ಟೋ ಮಾಡಿಟ್ರೆ ಡಾಕ್ಟ್ರಿಗೆ ಉಳಿಯೋದು ತೀರ್ಮಾನದ ಹತ್ತು ನಿಮಿಷ. ಈಗ ಅದನ್ನೇ ಅವರ ಕ್ಲಿನಿಕ್ಕಲ್ಲಿ ಶುರು ಮಾಡಿದಾರೆ, ವಾರಕ್ಕೊಂದು ಮಧ್ಯಾಹ್ನ, ಐದಕ್ಕಿಂತ ಜಾಸ್ತಿ ಮಾತ್ರೆ ತಗೊಳ್ಳೋ ವಯಸ್ಸಾದೋರಿಗೆ ಮಾತ್ರ.